ನಾಲ್ಕನೆಯ ಚೌಕ

ನಾವು ಚಿಕ್ಕವರಿದ್ದಾಗ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವುದೆಂದರೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಡಬ್ಬಿ ಕುಂದಾ ಮತ್ತು ಅರ್ಧ ದಿನ. ಈಗ ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯಿಂದ ಮೊಮ್ಮಗ ಕಾರು ತೆಗೆದರೆ, ನಾನು ಕನ್ನಡಕ ಹುಡುಕಿ ಪೇಪರ್ ಬಿಡಿಸುವಷ್ಟರಲ್ಲಿ ಅಲ್ಲಿ ಮುಟ್ಟಿ ಫೋನ್ ಮಾಡುತ್ತಾನೆ. ಆಗ ಪ್ಯಾಸೆಂಜರ್ ಗಾಡಿ ದೇಸೂರು ದಾಟಿತೆಂದರೆ ಕಿಟಕಿಯ ಗಾಳಿಯ ವಾಸನೆಯೇ ಬದಲಾಗುತ್ತಿತ್ತು. ಗೇರುಹಣ್ಣಿನ ಹುಳಿ ವಾಸನೆ, ಹಸಿ ಮಣ್ಣಿನದು, ಹಂಚಿನ ಭಟ್ಟಿಯ ಹೊಗೆಯದು. ಅಕ್ಕ ನನ್ನ ಮೊಣಕೈಗೆ ತಿವಿದು, "ಬಂತ ನೋಡ" ಅನ್ನುತ್ತಿದ್ದಳು.

ನಿಮ್ಮಲ್ಲಿ ಬಹಳ ಜನರಿಗೆ ಇಂಥದೊಂದು ಬೇಸಿಗೆ ಸೂಟಿ ಇದ್ದೀತು. ನನ್ನದರ ನಡುವೆ ಒಂದು ಹಗ್ಗ ಹಾದುಹೋಗಿದೆ.

ಆಯಿ, ಅಂದರೆ ನಮ್ಮವ್ವನ ಅವ್ವ, ಖಾನಾಪುರದಲ್ಲಿ ನಮ್ಮ ಚನ್ನಪ್ಪ ಮಾಮಾನ ಜೊತೆ ಇದ್ದಳು. ಮಾಮಾ ಅವ್ವನ ಒಬ್ಬನೇ ತಮ್ಮ. ಆಯಿ ಹುಟ್ಟಿದ ಮನೆಯೂ ಅದೇ; ತೀರಿಹೋದ ನಮ್ಮ ಅಜ್ಜ ಮನೆಅಳಿಯನಾಗಿ ಅಲ್ಲಿಗೆ ಬಂದವನು. ಮನೆಯ ಬಾಜೂಕ್ಕೇ ಅವನ ಹಂಚಿನ ಭಟ್ಟಿ. ಆ ಮನೆಯ ಹಿತ್ತಲ ಬಾಗಿಲಿನ ಗೂಟದಿಂದ ಬಚ್ಚಲಮನೆಯವರೆಗೆ, ಅಲ್ಲಿಂದ ಬಾವಿಯನ್ನು ದೂರಕ್ಕೆ ಬಳಸಿಕೊಂಡು ದನದ ಕೊಟ್ಟಿಗೆಯವರೆಗೆ, ಸೊಂಟದೆತ್ತರಕ್ಕೆ ಒಂದು ದಪ್ಪ ಹಗ್ಗ ಕಟ್ಟಿದ್ದರು. ಅರಿವೆ ಒಣಹಾಕುವ ಹಗ್ಗವಲ್ಲ. ಅದು ಬೇರೆ ಇತ್ತು. ಇದು ಕೈಯಾಡಿ ಆಡಿ ಎಮ್ಮೆಯ ಕೊಂಬಿನ ಹಾಗೆ ನುಣುಪಾಗಿ ಮಿಂಚುತ್ತಿತ್ತು. ನಾವು ಅದನ್ನು ಹಿಡಿದು ರೈಲಾಟ ಆಡುತ್ತಿದ್ದೆವು. ಕಣ್ಣು ಮುಚ್ಚಿ ಓಡಿದರೂ ಬಾವಿಗೆ ಬೀಳದ ರೈಲು ಅದು. ಇದು ಯಾಕೆ ಇಲ್ಲಿದೆ ಎಂದು ಕೇಳಿದರೆ, "ಮಳಿಗಾಲದಾಗ ಜಾರತೈತಿ ಅಂತ" ಅನ್ನುತ್ತಿದ್ದರು. ಮಳೆಗಾಲದಲ್ಲಿ ನಾವು ಅಲ್ಲಿ ಇರುತ್ತಿರಲಿಲ್ಲ. ನಂಬಿದೆವು.

ಇನ್ನೊಂದು ಮಾತನ್ನೂ ನಂಬಿದ್ದೆವು. ದೀಪ ಹಚ್ಚಿದ ಮೇಲೆ ಆಯಿ ಎದ್ದು ತಿರುಗಾಡುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಹಿಡಿದು ಪಡಸಾಲೆಯ ಮೂಲೆಯಲ್ಲಿ ಕೂತರೆ ಮಲಗುವ ತನಕ ಅಲ್ಲೇ. ಬಾಗಿಲ ಮುಂದೆ ಹಾಯುವ ಹೆಣ್ಣುಮಕ್ಕಳು ನಿಂತು ಕೈ ಮುಗಿಯುತ್ತಿದ್ದರು. "ದೀಪಾ ಹಚ್ಚಿದ ಮ್ಯಾಲೆ ನೆಲಕ್ಕ ಕಾಲ ಇಡೂದಿಲ್ಲ ಗಂಗವ್ವಾರು. ಏನ್ ನೇಮ ಅವರದು" ಎಂದು ಹೇಳಿಕೊಳ್ಳುತ್ತಿದ್ದರು. ಕೆಲವರು ಒಳಗೆ ಬಂದು ಕಾಲು ಮುಟ್ಟುತ್ತಿದ್ದರು. ಆಯಿ ಯಾರ ಮುಖವನ್ನೂ ನೋಡದೆ, ಸಪ್ಪಳ ಬಂದ ಕಡೆ ತಿರುಗಿ, "ಚಲೋ ಆಗಲಿ" ಅನ್ನುತ್ತಿದ್ದಳು. ನನಗೆ ಆಗ ಹೆಮ್ಮೆಯೋ ಹೆಮ್ಮೆ. ಕಾನ್ವೆಂಟಿನಲ್ಲಿ ಸೇಂಟ್‌ಗಳ ಕಥೆ ಹೇಳುವಾಗ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ: ನಮ್ಮಲ್ಲೂ ಒಬ್ಬರಿದ್ದಾರೆ, ಥ್ಯಾಂಕ್ ಯು.

ಆ ವರ್ಷ ನಾನು ಎಂಟನೆಯ ಇಯತ್ತೆ. ಅಪ್ಪನಿಗೆ ಬೆಳಗಾವಿಯ ಶಹಾಪುರದಲ್ಲಿ ಸೀರೆ ಅಂಗಡಿ, ಮನೆಯೂ ಅಲ್ಲೇ. ಅಕ್ಕ ನೀಲಾ ಕನ್ನಡ ಸಾಲಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು. ನನ್ನನ್ನು ಮಾತ್ರ ಅಪ್ಪ ಯಾರದೋ ಮಾತು ಕೇಳಿ ಕಾನ್ವೆಂಟಿಗೆ ಹಾಕಿದ್ದರು. ಅಲ್ಲಿ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್ ಫಿಲೋಮಿನಾ ಗೋವಾದವರು. ಅವರ ಬಿಳಿ ತೋಳಿಗೆ ಸದಾ ಬಣ್ಣಬಣ್ಣದ ಚಾಕ್ ಪುಡಿ. ಮಾರ್ಚ್ ತಿಂಗಳ ಸೆಕೆಯಲ್ಲಿ ಒಂದು ಮಧ್ಯಾಹ್ನ ಅವರು ಬಟಾಣಿ ಬೆಳೆದ ಒಬ್ಬ ಪಾದ್ರಿಯ ಕಥೆ ಹೇಳಿದರು. ಪ್ರತಿ ಜೀವಕ್ಕೂ ಒಂದೊಂದು ಗುಣಕ್ಕೆ ಎರಡು ಅಕ್ಷರ, ಒಂದು ತಾಯಿಯದು, ಒಂದು ತಂದೆಯದು. ಒಂದು ದೊಡ್ಡಕ್ಷರ ಇದ್ದರೆ ಸಾಕು, ಸಣ್ಣದು ಅದರ ಬೆನ್ನ ಹಿಂದೆ ಅಡಗಿ ಕೂರುತ್ತದೆ. ಅಲ್ಲಿದೆ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ, ಇಟ್ಟುಕೊಂಡವರಿಗೂ ಗೊತ್ತಾಗುವುದಿಲ್ಲ. ಎರಡೂ ಕಡೆಯಿಂದ ಸಣ್ಣಕ್ಷರವೇ ಬಂದು ಕೂಡಿದಾಗ ಮಾತ್ರ ಅದು ಮುಖ ತೋರಿಸುತ್ತದೆ.

ಸಿಸ್ಟರ್ ಬೋರ್ಡಿನ ಮೇಲೆ ಕಿಟಕಿಯಂಥ ನಾಲ್ಕು ಚೌಕ ಬರೆದರು. ಅಡಗಿಸಿಕೊಂಡ ತಂದೆ, ಅಡಗಿಸಿಕೊಂಡ ತಾಯಿ. ಮೊದಲನೆಯ ಚೌಕದಲ್ಲಿ ಎರಡೂ ದೊಡ್ಡಕ್ಷರ. ಎರಡನೆಯದರಲ್ಲಿ, ಮೂರನೆಯದರಲ್ಲಿ ಒಂದು ದೊಡ್ಡದು, ಒಂದು ಸಣ್ಣದು. ಕೆಳಗೆ ಬಲಗಡೆಯ ಕೊನೆಯ ಚೌಕದಲ್ಲಿ ಎರಡೂ ಸಣ್ಣವು. ಆ ಚೌಕಕ್ಕೆ ಕೆಂಪು ಚಾಕ್‌ನಿಂದ ಸುತ್ತ ಗೆರೆ ಎಳೆದು, "ಒನ್ ಇನ್ ಫೋರ್" ಅಂದರು. ಗಂಟೆ ಹೊಡೆಯಿತು. ಸೂಟಿಗೆ ಹೋಮ್‌ವರ್ಕ್ ಕೊಟ್ಟರು: ಮೂರು ತಲೆಮಾರಿನ ಫ್ಯಾಮಿಲಿ ಟ್ರೀ. ನಾಲಿಗೆ ಕೊಳವೆಯ ಹಾಗೆ ಮಡಚಲು ಯಾರಿಗೆ ಬರುತ್ತದೆ, ಗಲ್ಲದಲ್ಲಿ ಗುಳಿ ಯಾರಿಗೆ ಬೀಳುತ್ತದೆ, ಎಲ್ಲ ಬರೆಯಬೇಕು. ನಾಲಿಗೆಯ ವಿಷಯ ಅಷ್ಟು ಸರಳವಲ್ಲ ಎಂದು ಈಗಿನವರು ಹೇಳುತ್ತಾರೆ. ಆಗ ನಮಗೆ ಅದೇ ವೇದ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಎಲ್ಲರ ನಾಲಿಗೆ ಚಾಚಿಸಿದೆ. ಅವ್ವನಿಗೆ ಬಂತು, ಅಕ್ಕನಿಗೆ ಬಂತು. ಅಪ್ಪ ಎಷ್ಟು ತಿಣುಕಿದರೂ ಬರಲಿಲ್ಲ.

"ಸೀರಿ ಮಡಚಂದ್ರ ಕಣ್ಣ ಮುಚ್ಚಿ ಮಡಚತೇನಿ. ನಾಲಿಗಿ ಮಡಚೂದು ನಮ್ಮ ದಂಧೇದಾಗಿಲ್ಲ" ಅಂದರು.

"ಗಿರಾಕಿ ಮುಂದ ಎಷ್ಟ ಬೇಕಷ್ಟ ಹೊಳ್ಳತೈತಲ್ಲ, ಅಷ್ಟ ಸಾಕ್ ಬಿಡ್ರಿ" ಅಂದಳು ಅವ್ವ.

ಮೇ ತಿಂಗಳು ಖಾನಾಪುರಕ್ಕೆ ಹೋದಾಗ ಆ ಚಾರ್ಟ್ ಪೇಪರ್ ಸುರುಳಿ ನನ್ನ ಕಂಕುಳಲ್ಲೇ ಇತ್ತು. ಸ್ಟೇಷನ್ನಿಗೆ ಬಂದ ಮಾಮಾ ಅದನ್ನು ನೋಡಿ, "ಏನ್ ಮಡಮ್ಮಾರ, ಈ ಸಲ ಯಾವ ಇಂಗ್ಲಿಷ್ ತಂದೀರಿ?" ಎಂದು ಕೇಳಿದ. ಅವನ ಕೂದಲಲ್ಲಿ, ಕಿವಿಯ ಮಡಿಕೆಯಲ್ಲಿ, ಉಗುರಿನಲ್ಲಿ ಎಲ್ಲೆಲ್ಲೂ ಕೆಂಪು ಮಣ್ಣು. ಅಕ್ಕ ನನ್ನ ಬೆನ್ನ ಹಿಂದೆ ನಿಂತು, "ಈ ಮನಶ್ಯಾನ್ನ ಒಮ್ಮಿ ಚಂದಂಗಿ ತೊಳದ್ರ ಒಳಗ ಏನಾರ ಉಳದೀತೇನ?" ಅಂದಳು.

"ಉಳದಷ್ಟು ನಿನ್ನ ಪಾಲು" ಅಂದ ಮಾಮಾ.

ಅಕ್ಕ ಸ್ಟೇಷನ್ನಿನಿಂದ ಮನೆಯವರೆಗೆ ಮತ್ತೆ ಬಾಯಿ ತೆಗೆಯಲಿಲ್ಲ. ಆ ಬೇಸಿಗೆಯಲ್ಲಿ ಅವರಿಬ್ಬರ ಮದುವೆಯ ಮಾತು ಪಕ್ಕಾ ಆಗುವುದಿತ್ತು. ಸ್ವಾದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಹೊರಗೆ ಕೊಡುವುದಕ್ಕೇ ಕಾರಣ ಹೇಳಬೇಕಾಗುತ್ತಿತ್ತು. ಅಕ್ಕನಿಗೆ ಅವನೆಂದರೆ ಜೀವ. ಹದಿನೆಂಟು ತುಂಬಿತ್ತು ಅವಳಿಗೆ. ಕವಳಿಹಣ್ಣು ತಿಂದು ತುಟಿ ಕಪ್ಪಾಗಿದ್ದರೂ ಅವನು ಬರುವ ಸಪ್ಪಳಕ್ಕೆ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು.

ಮಾಮಾನ ನಾಲಿಗೆ ಮಡಚಿತು. ಆಯಿಯದೂ ಮಡಚಿತು. ಚಾರ್ಟ್ ಇನ್ನೇನು ಮುಗಿಯಿತು ಎನ್ನುವಾಗ ಆ ಮಿಂಚುಹುಳಗಳು ಬಂದವು.

ಮಳೆ ಹಿಡಿಯುವ ಮುಂಚೆ, ಮೇ ಕೊನೆಯಲ್ಲಿ, ಖಾನಾಪುರದ ಗಿಡಗಳಿಗೆಲ್ಲ ಮಿಂಚುಹುಳ ಹತ್ತುತ್ತಿದ್ದವು. ಒಂದು ಗಿಡಕ್ಕೆ ಒಂದೇ ಸಲ ಬೆಳಕು, ಒಂದೇ ಸಲ ಕತ್ತಲು, ಯಾರೋ ಸ್ವಿಚ್ ಒತ್ತಿದ ಹಾಗೆ. ಅವತ್ತು ಮಾಮಾ ಮತ್ತು ಅಕ್ಕ, ಅವ್ವನ ಜೊತೆ ಪೇಟೆಗೆ ಹೋಗಿದ್ದರು. ಮುಚ್ಚಂಜೆ. ಆಯಿ ಮೂಲೆಗೆ ಹೋಗಿ ಕೂರುವ ಮೊದಲೇ ನಾನು ಅವಳ ಕೈ ಹಿಡಿದು ಹಿತ್ತಲ ಕಟ್ಟೆಗೆ ಎಳೆದುಕೊಂಡು ಬಂದೆ. ಅವಳು ಬೇಡ ಬೇಡ ಎನ್ನುತ್ತಲೇ ಬಂದಳು. ಬಲಗಡೆಯ ಹಲಸಿನ ಮರ ತುಂಬ ಬೆಳಕು.

"ನೋಡ ಆಯಿ."

"ಹೂಂ. ಎಷ್ಟ ಚಂದ ಅದಾವ" ಅಂದಳು ಆಯಿ.

ಅವಳ ಮುಖ ಎಡಗಡೆಗಿತ್ತು. ಎಡಗಡೆ ಬಚ್ಚಲ ಗೋಡೆ.

ಚಾಷ್ಟಿ ಮಾಡುತ್ತಿದ್ದಾಳೆಂದು ನಕ್ಕೆ. ಅವಳೂ ನಕ್ಕಳು, ಗೋಡೆಯ ಕಡೆಗೇ. ಮೆಲ್ಲಗೆ ಕೈ ಎತ್ತಿ ಅವಳ ಕಣ್ಣಿನ ಮುಂದೆ ಆಡಿಸಿದೆ. ರೆಪ್ಪೆ ಅಲುಗಲಿಲ್ಲ. ಆಮೇಲೆ ಆಯಿ ಗಪ್ಪನೆ ನನ್ನ ಮಣಿಕಟ್ಟು ಹಿಡಿದಳು.

"ಬಳಿ ಸಪ್ಪಳಾ ಮಾಡತಾವ, ಶಾಲಿ" ಅಂದಳು.

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಹಾಗೇ ನನ್ನ ಕೈ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಳು. ಹುಟ್ಟಿನಿಂದಲೂ ತನಗೆ ಹೊತ್ತು ಮುಳುಗಿದರೆ ಏನೂ ಕಾಣುವುದಿಲ್ಲ ಎಂದಳು. ಈಗ ಹಗಲಲ್ಲೂ ಊದುಗೊಳವೆಯೊಳಗಿಂದ ನೋಡಿದ ಹಾಗೆ ನಡುವಿನಷ್ಟೇ ಕಾಣುತ್ತದಂತೆ, ಬಾಜೂಕಿನದೆಲ್ಲ ಕತ್ತಲೆಯಂತೆ. ಅವಳ ಅಣ್ಣನಿಗೂ ಹೀಗೇ ಇತ್ತಂತೆ.

"ಒಂದ ದಿನಾ ಸಂಜಿಮುಂದ ದನಾ ಕಟ್ಟಾಕ ಹೋದ. ಬಾವಿ ಎಲ್ಲೈತಿ ಅಂತ ಅವಗ ಗೊತ್ತಿತ್ತು. ಎಷ್ಟ ಹೆಜ್ಜಿ ಅಂತನೂ ಗೊತ್ತಿತ್ತು. ಒಂದ ಹೆಜ್ಜಿ ತಪ್ಪಿದ." ಹಗ್ಗದ ಕಡೆ ಕೈ ಚಾಚಿ, "ಮರುದಿನ ನಮ್ಮಪ್ಪ ಈ ಹಗ್ಗಾ ಕಟ್ಟಿದ" ಅಂದಳು.

"ನಿಮ್ಮ ಅಪ್ಪಗ, ಅವ್ವಗ ಕಾಣತಿತ್ತೇನ ಆಯಿ?"

"ಅವರ ಕಣ್ಣ ದೀಪಾ ಇದ್ದಂಗಿದ್ದುವು. ನಮ್ಮವ್ವನ್ನ ಅಕೀ ಸ್ವಾದರಮಾವಗ ಕೊಟ್ಟಿದ್ರು, ಮನಿಯೊಳಗಿಂದ ಮನಿಯೊಳಗ. ನಾವಿಬ್ಬರು ಹಿಂಗ್ಯಾಕ ಹುಟ್ಟಿದ್ವೋ ಬಸವಣ್ಣಗ ಗೊತ್ತು."

ನಾನು ಏನೋ ಕೇಳಲು ಬಾಯಿ ತೆಗೆದೆ. ಆಯಿ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ನೇಮಾ ಅಂತ ಮಂದಿ ತಿಳಕೊಂಡಾರ, ತಿಳಕೊಳ್ಳಲಿ. ಗೊತ್ತಾದ್ರ ನಮ್ಮ ಚನ್ನಪ್ಪಗ ಹೊರಗಿನವರು ಯಾರ ಹೆಣ್ಣ ಕೊಡತಾರ? ಬ್ಯಾರೆ ಮನಿ ಹುಡುಗಿ ಬಂದ್ರ ನಾಳಿ ನನ್ನ ಕೈ ಹಿಡದು ಬಚ್ಚಲಕ್ಕ ಕರಕೊಂಡ ಹೋಗಿ, ನಾಡದು ಊರಿಗೆಲ್ಲಾ ಹೇಳತಾಳ. ನೀಲಾ ಆದ್ರ ಮನಿ ಮಗಳು. ಹೊಟ್ಟ್ಯಾಗ ಹಾಕ್ಕೋತಾಳ."

ಆಮೇಲೆ ಅವಳು ಎದ್ದು ಹಗ್ಗ ಹಿಡಿದು, ಬಾಗಿಲ ತನಕ ಹಗಲಿನಷ್ಟೇ ನೆಟ್ಟಗೆ ನಡೆದುಹೋದಳು. ನಾನು ಹಿಂದೆ ಉಳಿದೆ. ಹಲಸಿನ ಮರ ಒಮ್ಮೆ ಹೊತ್ತುತ್ತಿತ್ತು, ಒಮ್ಮೆ ಆರುತ್ತಿತ್ತು. ಅವಳು ಬಿಟ್ಟ ಹಗ್ಗ ಇನ್ನೂ ಅಲುಗುತ್ತಿತ್ತು.

ಮರುದಿನ ಮಧ್ಯಾಹ್ನ ಎಲ್ಲರೂ ಮಲಗಿದಾಗ ಚಾರ್ಟ್ ಬಿಡಿಸಿದೆ. ನಾಲಿಗೆ, ಗಲ್ಲದ ಗುಳಿ ಇವುಗಳ ಕೆಳಗೆ ಇನ್ನೊಂದು ಸಾಲು ಎಳೆದೆ: ಕಣ್ಣು. ಆಯಿಗೆ ಎರಡೂ ಸಣ್ಣಕ್ಷರ. ಅಂದಮೇಲೆ ಅವಳು ಮಕ್ಕಳಿಗೆ ಕೊಡಲು ಸಣ್ಣದರ ಹೊರತು ಬೇರೆ ಇಲ್ಲ. ಅವ್ವನಿಗೆ ಒಂದು ಬಂದೇ ಬಂದಿದೆ, ಮಾಮಾನಿಗೂ ಒಂದು ಬಂದೇ ಬಂದಿದೆ. ಇಬ್ಬರಿಗೂ ಅಜ್ಜನ ದೊಡ್ಡಕ್ಷರ ಇರುವುದರಿಂದ ಕಣ್ಣು ಚೊಕ್ಕ. ಅವ್ವನಿಂದ ಅದು ಅಕ್ಕನಿಗೆ ಬಂದಿರಬಹುದು, ಬರದೆಯೂ ಇರಬಹುದು. ಬಂದಿದ್ದರೆ? ಅಕ್ಕ, ಮಾಮಾ. ಅಡಗಿಸಿಕೊಂಡ ತಾಯಿ, ಅಡಗಿಸಿಕೊಂಡ ತಂದೆ. ಪೆನ್ಸಿಲ್ ತಾನಾಗಿ ನಾಲ್ಕು ಚೌಕ ಬರೆಯಿತು. ಯಾರಿಗೂ ಗೊತ್ತಾಗಬಾರದೆಂದು ಮನೆಯೊಳಗೇ ಮದುವೆ. ಮನೆಯೊಳಗೇ ಮದುವೆಯಾಗಿದ್ದಕ್ಕೆ ಅಡಗಿದ್ದು ಹೊರಗೆ. ಹದಿಮೂರು ವರ್ಷದ ಹುಡುಗಿ ನಾನು, ಅದು ಹಾಗೆ ಸುತ್ತಿಕೊಂಡು ಬರುವುದನ್ನು ಕಂಡೆ. ಯಾವ ಹಿರಿಯರೂ ಕಂಡಿರಲಿಲ್ಲ.

ಬಾವಿಯ ಕಟ್ಟೆಯಲ್ಲಿ ಅಕ್ಕ ಒಬ್ಬಳೇ ಅರಿವೆ ಒಗೆಯುವಾಗ ಹೇಳಿದೆ. ಆಯಿಯ ಕಣ್ಣಿನ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು. ದೊಡ್ಡವಳಾದ ವರ್ಷವೇ ಅವ್ವ ಹೇಳಿದ್ದಳಂತೆ. ಗೊತ್ತಿಲ್ಲದ್ದು ಚೌಕಗಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಚಾರ್ಟ್ ನೋಡಿದಳು. ಅವಳು ಅಷ್ಟು ಗಂಭೀರವಾಗಿ ನನ್ನ ಮಾತು ಕೇಳಿದ್ದು ಅದೇ ಮೊದಲು.

"ಖರೇ ಹೇಳ. ಎಷ್ಟ ಮಕ್ಕಳಿಗೆ ಬರತೈತಿ?"

"ನಾಲ್ಕರಾಗ ಒಂದ."

"ಯಾವದು?"

"ಅಂದ್ರ?"

"ಮೊದಲಿಂದೋ, ನಡಕಿಂದೋ, ಕಡೀದೋ? ನಿಮ್ಮ ಸಾಲ್ಯಾಗ ಹೇಳಿರಬೇಕಲ್ಲ."

ಹೇಳಿರಲಿಲ್ಲ. ಅಂದರೆ, ಗಂಟೆ ಹೊಡೆದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಮನೆಯಲ್ಲಿ ಇಂಗ್ಲಿಷ್ ಕಲಿತವಳು ನಾನೊಬ್ಬಳೇ, ಮಡಮ್ಮಾರು. ಸಿಸ್ಟರ್ ಬರೆದ ಚೌಕಗಳನ್ನು ಕಣ್ಣ ಮುಂದೆ ತಂದುಕೊಂಡೆ. ಕೆಂಪು ಚಾಕ್‌ನ ಗೆರೆ ಇದ್ದದ್ದು ಕೊನೆಯ ಚೌಕಕ್ಕೆ.

"ಕಡೀದು. ನಾಲ್ಕನೇದು" ಅಂದೆ.

ಅಕ್ಕ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಮೇಲೆ ನಕ್ಕಳು. "ಹಂಗಂದ್ರ ಮೂರಕ್ಕ ನಿಲ್ಲಿಸಿದ್ರಾತಲ್ಲ. ಅದಕ್ಕ ಹಿಂಗ್ಯಾಕ ಸಣ್ಣ ಮುಖಾ ಮಾಡಿ ಹುಡುಗಿ?" ನನ್ನ ಗಲ್ಲ ಹಿಂಡಿದಳು. ಅವಳ ಬೆರಳಿಗೆ ಸಬಕಾರದ ವಾಸನೆ ಇತ್ತು. ಚಾರ್ಟನ್ನು ಆಯಿಯೋ ಅವ್ವನೋ ನೋಡಬಾರದೆಂದು ಅವತ್ತೇ ಸಂಜೆ ಮಾಮಾನ ಭಟ್ಟಿಯ ಬಾಯಿಗೆ ಹಾಕಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಕಾಗದ ಒಮ್ಮೆ ಬೆಳಗಿತು, ಗೆರೆಗಳೆಲ್ಲ ಎದ್ದು ಕಾಣಿಸಿದವು, ಆಮೇಲೆ ಮಡಚಿಕೊಂಡಿತು. ಒಳಗೆ ಹಂಚುಗಳು ಕೆಂಪಗೆ ಸಾಲಾಗಿ ಕೂತಿದ್ದವು.

ಮದುವೆ ಗೊತ್ತಾಯಿತು. ಆಷಾಢ ಹತ್ತುವುದರೊಳಗೆ, ಜೂನ್ ಕೊನೆಗೆ. ಬೆಳಗಾವಿಗೆ ಬಂದ ಕೂಡಲೇ ಅಪ್ಪ ಮದುವೆ ಸೀರೆಯನ್ನು ನಮ್ಮ ಓಣಿಯ ಪರಶುರಾಮ ಕಾಕಾನ ಮಗ್ಗಕ್ಕೆ ಹಾಕಿಸಿದರು. ಹಸಿರು ಒಡಲು, ಕೆಂಪು ರೇಷ್ಮೆಯ ಸೆರಗು. ಶಹಾಪುರದಲ್ಲಿ ಆಗ ಮನೆಮನೆಗೆ ಮಗ್ಗ. ಬೆಳಿಗ್ಗೆ ಏಳುವುದೂ ಲಾಳಿಯ ಸಪ್ಪಳಕ್ಕೆ, ಮಲಗುವುದೂ ಅದೇ ಸಪ್ಪಳಕ್ಕೆ. ಸಾಲಿಗೆ ಹೋಗುವಾಗ, ಬರುವಾಗ ನಾನು ಇಣುಕುತ್ತಿದ್ದೆ. ದಿನಕ್ಕೆ ಒಂದು ಮೊಳ ಬೆಳೆಯುತ್ತಿತ್ತು ಸೀರೆ.

"ಅಕ್ಕನ ಸೀರಿ ಕಾವಲಾ ಕಾಯಾಕತ್ತಿ ಏನವಾ? ಕಳವ ಆಗೂದಿಲ್ಲ ಹೋಗ" ಎಂದು ಕಾಕಾ ನಗುತ್ತಿದ್ದರು.

ಸೂಟಿ ಮುಗಿದ ಮೇಲೆ ಸಿಸ್ಟರ್‌ಗೆ ಬೇರೆ ಚಾರ್ಟ್ ಕೊಟ್ಟೆ, ನಾಲಿಗೆ ಮತ್ತು ಗುಳಿ ಮಾತ್ರ ಇದ್ದದ್ದು. ಎಕ್ಸಲೆಂಟ್ ಎಂದು ಬರೆದರು. ಮರುದಿನ ಅವರು ಕೈಯಲ್ಲಿ ಒಂದು ನಾಣ್ಯ ಹಿಡಿದು ಕ್ಲಾಸಿಗೆ ಬಂದರು. ಚಿಮ್ಮಿದರು. ಮುಖ ಬಿತ್ತು. ಮತ್ತೆ ಚಿಮ್ಮಿದರು. ಮತ್ತೆ ಮುಖ. ಮೂರನೆಯ ಸಲವೂ ಮುಖ. "ಈಗ ಹಿಂಭಾಗ ಬೀಳಲೇಬೇಕು, ಅಲ್ಲವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಯೆಸ್ ಸಿಸ್ಟರ್, ಎಂದು ಇಡೀ ಕ್ಲಾಸು ಕೂಗಿತು. ಚಿಮ್ಮಿದರು. ಮುಖ.

"ದಿ ಕಾಯಿನ್ ಹ್ಯಾಸ್ ನೋ ಮೆಮೊರಿ, ಗರ್ಲ್ಸ್."

ನಾಣ್ಯಕ್ಕೆ ನೆನಪಿಲ್ಲ. ಹಿಂದೆ ಏನು ಬಿತ್ತು ಎಂದು ಅದಕ್ಕೆ ಗೊತ್ತಿರುವುದಿಲ್ಲ. ಪ್ರತಿ ಸಲವೂ ಮೊದಲನೆಯ ಸಲವೇ. ಚೌಕಗಳೂ ಹಾಗೇ ಎಂದರು ಸಿಸ್ಟರ್. ಅವಕ್ಕೆ ಸರದಿ ಇಲ್ಲ. ಮೊದಲ ಬೀಜಕ್ಕೇ ಬರಬಹುದು, ನಾಲ್ಕಕ್ಕೂ ಬರಬಹುದು, ಹತ್ತಾದರೂ ಒಂದಕ್ಕೂ ಬಾರದೆ ಇರಬಹುದು. ನಾನು ಕೈ ಎತ್ತಿದೆ. ಯೆಸ್, ಶಾಲಿನಿ, ಅಂದರು. ಏನೂ ಕೇಳದೆ ಕೈ ಇಳಿಸಿದೆ. ಕೇಳುವುದು ಏನೂ ಉಳಿದಿರಲಿಲ್ಲ.

ಅವತ್ತು ಮಳೆ. ಮನೆಗೆ ಬರುವಾಗ ಇಣುಕಿದೆ. ಹಸಿರು ಒಡಲು ಮುಗಿದು, ಕೆಂಪು ಸೆರಗು ನಾಲ್ಕು ಬೆರಳು ಶುರುವಾಗಿತ್ತು. ಸೆರಗು ಮುಗಿಯುವುದರೊಳಗೆ ಹೇಳುತ್ತೇನೆ ಎಂದುಕೊಂಡೆ. ಅಕ್ಕ ಅಡಿಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಳು. ಹಾಡು ಗುನುಗುತ್ತಿದ್ದಳು. ನಾಳೆ ಹೇಳಿದರಾಯಿತು. ಮರುದಿನ ಸೆರಗು ಒಂದು ಗೇಣು. ಅದರ ಮರುದಿನ ಎರಡು ಗೇಣು. ಆ ಲಾಳಿಯ ಸಪ್ಪಳ ನನ್ನ ಎದೆಯಲ್ಲೇ ಆಡಿದ ಹಾಗಿತ್ತು. ಎಂದಾದರೂ ನಿಂತರೆ ಓಡಿಹೋಗಿ ನೋಡುತ್ತಿದ್ದೆ. ಕಾಕಾ ಚಹಾ ಕುಡಿಯುತ್ತಿರುತ್ತಿದ್ದರು.

ಒಮ್ಮೆ ಅವ್ವನ ಹತ್ತಿರ ಸುತ್ತುಬಳಸಿ ಬಾಯಿ ಬಿಟ್ಟೆ. ಆಯಿಯ ಕಣ್ಣಿನದು ಅಕ್ಕನ ಮಕ್ಕಳಿಗೆ ಬಂದರೆ ಎಂದೆ. ಅವ್ವ ಹಪ್ಪಳದ ಹಿಟ್ಟು ನಾದುತ್ತಿದ್ದವಳು ನಿಲ್ಲಿಸಿದಳು.

"ಯಾರ ಹೇಳಿದ್ರು ನಿನಗ?"

"ಆಯಿನ ಹೇಳಿದ್ಲು."

"ನನಗ ಐತೇನ ಅದು? ನಿಮ್ಮ ಮಾಮಾಗ ಐತೇನ? ನಮ್ಮ ಕಾಲಕ್ಕ ಹೋತದು. ಹೋದದ್ದನ್ನ ಕರದ ಮನಿಗೆ ತರಬ್ಯಾಡ." ಮತ್ತೆ ನಾದತೊಡಗಿದಳು. ಹಿಟ್ಟಿಗೆ ಬೇಕಾದ್ದಕ್ಕಿಂತ ಜೋರಾಗಿ. ಅವಳಿಗೂ ಅಂಜಿಕೆ ಇತ್ತೆಂದು ನನಗೆ ಆ ಕೈಗಳಿಂದ ಗೊತ್ತಾಯಿತು. ಆಮೇಲೆ ನನಗೆ ಒಂದು ನೆಪ ಸಿಕ್ಕಿತು: ದೊಡ್ಡವರಿಗೆ ಹೇಳಿದ್ದೇನೆ. ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಮದುವೆ ಬಿಡುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ನಾನು ಅಂಜಿದ್ದು ಅದಕ್ಕಲ್ಲ. ನಾನು ಹೇಳಿದ್ದು ತಪ್ಪಾಗಿತ್ತು ಎಂದು ಅವಳಿಗೆ ಗೊತ್ತಾಗುತ್ತದೆ ಎಂದು ಅಂಜಿದೆ. ಸಣ್ಣ ಮಾತು. ಇಷ್ಟೇ ಸಣ್ಣದು.

ಸೀರೆ ಮಗ್ಗದಿಂದ ಇಳಿಯಿತು. ಅಕ್ಷತೆ ಬಿತ್ತು. ಹೂರಣದ ಹೋಳಿಗೆ ಉಂಡವರೆಲ್ಲ ಜೋಡಿ ಚಲೋ ಐತಿ ಎಂದರು. ಬಂದ ಹೆಂಗಸರಲ್ಲಿ ಅರ್ಧ ಜನ ಆಯಿಯ ಕಾಲಿಗೆ ಬಿದ್ದು ಹೋದರು.

ಅಕ್ಕನಿಗೆ ಮರುವರ್ಷ ಮಗಳು ಹುಟ್ಟಿದಳು, ಗೌರಿ. ಬಟ್ಟಲುಗಣ್ಣಿನ ಕೂಸು. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ, ಗೌರಿಗೆ ಐದು ತುಂಬಿತ್ತು, ಅಕ್ಕ ಅವಳನ್ನು ಕರೆದುಕೊಂಡು ಶಹಾಪುರಕ್ಕೆ ಬಂದಳು. ಸಂಜೆ ನಾನು ಪಡಸಾಲೆಯ ದೀಪ ಹಾಕಲು ಹೋದೆ.

"ಹಾಕಬ್ಯಾಡ. ನಿಲ್ಲ ಸ್ವಲ್ಪ" ಅಂದಳು ಅಕ್ಕ.

ಮುಷ್ಟಿ ತುಂಬ ಹುರಿದ ಶೇಂಗಾ ತಂದು ನೆಲದ ಮೇಲೆ ಚೆಲ್ಲಿದಳು. "ಗೌರೀ, ಆರಿಸ್ಕೊಂಡ ತಿನ್ನ ನೋಡೂಣು." ನಮ್ಮಿಬ್ಬರಿಗೂ ಒಂದೊಂದು ಕಾಳೂ ಕಾಣುವಷ್ಟು ಬೆಳಕಿತ್ತು. ಕೂ‌ಸು ಕೆಳಗೆ ಕೂತು, ಮುಖವನ್ನು ಮೇಲೆತ್ತಿಕೊಂಡು, ಎರಡೂ ಅಂಗೈಯಿಂದ ನೆಲ ಸವರತೊಡಗಿತು. ಕೈಗೆ ಹತ್ತಿದ್ದನ್ನು ಬಾಯಿಗೆ ಹಾಕಿಕೊಂಡು ನಗುತ್ತಿತ್ತು. ಅದಕ್ಕೆ ಅದು ಆಟ.

"ಡಾಕ್ಟರು ಗಜ್ಜರಿ ತಿನ್ನಸ್ರಿ ಅಂದ್ರು. ತಿನ್ನಸೇನಿ" ಅಂದಳು ಅಕ್ಕ. ದೂರ ಬಿದ್ದಿದ್ದ ಒಂದು ಕಾಳನ್ನು ಗೌರಿಯ ಕೈಯ ಹತ್ತಿರ ಸರಿಸಿ, "ಮೊದಲನೇದಕ್ಕ ಬಂತಲ್ಲ, ಶಾಲಿ" ಅಂದಳು. ಬೈಯುವ ದನಿಯಲ್ಲ. ಲೆಕ್ಕ ಹಾಕುವ ದನಿ. "ಹೋಗಲಿ. ಬರೂ ಒಂದು ಬಂದ ಹೋತು. ಇನ್ನ ಮೂರು ಚಲೋನ ಹುಟ್ಟತಾವ. ಹೌದಿಲ್ಲೋ?"

ಈ ಸಲ ಹೇಳಿದೆ. ನಾಣ್ಯಕ್ಕೆ ನೆನಪಿಲ್ಲ, ಚೌಕಕ್ಕೆ ಸರದಿ ಇಲ್ಲ, ಪ್ರತಿ ಸಲ ಲೆಕ್ಕ ಹೊಸದು ಎಂದು ಎಲ್ಲ ಹೇಳಿದೆ. ಅಕ್ಕ ಬಹಳ ಹೊತ್ತು ಗೌರಿಯನ್ನೇ ನೋಡಿದಳು. ಆಮೇಲೆ ಕೇಳಿದಳು.

"ಇದು ನಿನಗ ಯಾವಾಗ ಗೊತ್ತಾತು?"

"ಈ ವರ್ಷ. ಕಾಲೇಜಿನಾಗ" ಅಂದೆ.

ಅವಳು ತಲೆಯಾಡಿಸಿ ದೀಪ ಹಾಕಿದಳು. ಗೌರಿ ಕಣ್ಣು ಕಿರಿದು ಮಾಡಿ, ಅಡ್ಡಾದಿಡ್ಡಿ ಬಿದ್ದಿದ್ದ ಕಾಳುಗಳನ್ನು ಕಂಡು, "ಇಷ್ಟ ಅದಾವ!" ಅಂದಳು.

ಆ ಬೇಸಿಗೆ ಖಾನಾಪುರಕ್ಕೆ ಹೋದಾಗ ಹಿತ್ತಲಲ್ಲಿ ಹಳೆಯ ಹಗ್ಗದ ಕೆಳಗೆ ಇನ್ನೊಂದು ಹೊಸ ಹಗ್ಗ ಇತ್ತು. ಮಾಮಾ ಕಟ್ಟಿದ್ದು. ಐದು ವರ್ಷದ ಮಗುವಿನ ಕೈಗೆ ಎಟುಕುವಷ್ಟು ಎತ್ತರದಲ್ಲಿ. ಇನ್ನೂ ಒರಟು, ಇನ್ನೂ ಹಳದಿ. ಅಕ್ಕ ಮತ್ತೆ ಮಕ್ಕಳನ್ನು ಹಡೆಯಲಿಲ್ಲ. ಮಾಮಾ ಕೇಳಿದ್ದನಂತೆ, ಸಾಕು ಅಂದಳಂತೆ. ಹಡೆದಿದ್ದರೆ ಚೊಕ್ಕ ಕಣ್ಣಿನವು ಹುಟ್ಟುತ್ತಿದ್ದವೋ ಏನೋ. ತಪ್ಪು ಹೇಳಿ ಒಂದು ಕೊಟ್ಟೆ, ಸರಿ ಹೇಳಿ ಉಳಿದವನ್ನು ಕಸಿದೆ. ಹಾಗೆಂದು ನಾನು ಯೋಚಿಸದ ವರ್ಷವಿಲ್ಲ.

ಆಯಿ ಹೋದಳು, ಅವ್ವ ಅಪ್ಪ ಹೋದರು, ಮಾಮಾ ಹೋದ. ಅಕ್ಕ ಹೋಗಿ ಎಂಟು ವರ್ಷವಾಯಿತು. ನನ್ನನ್ನು ಹೊರಗಿನ ಮನೆತನಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಮಕ್ಕಳು, ಮೊಮ್ಮಕ್ಕಳ ಕಣ್ಣು ಚೊಕ್ಕ ಇವೆ. ಆ ಅಕ್ಷರ ನನ್ನಲ್ಲಿ ಇದೆಯೋ ಇಲ್ಲವೋ, ಟೆಸ್ಟ್ ಮಾಡಿಸಿಲ್ಲ. ಖಾನಾಪುರದ ಭಟ್ಟಿ ನಿಂತು ಎಷ್ಟೋ ಕಾಲವಾಯಿತು. ಈಗ ಯಾರ ಮಾಳಿಗೆಗೂ ಆ ಹಂಚು ಬೇಡ. ಶಹಾಪುರದ ನಮ್ಮ ಓಣಿಯಲ್ಲಿ ಕೈಮಗ್ಗದ ಸಪ್ಪಳ ಇಲ್ಲ. ಮೊನ್ನೆ ಮೇ ತಿಂಗಳು ಮೊಮ್ಮಗನ ಜೊತೆ ಹೋಗಿ ಆ ಹಲಸಿನ ಮರದ ಕೆಳಗೆ ಮುಚ್ಚಂಜೆ ನಿಂತೆ. ಬೀದಿದೀಪದ ಬಿಳಿ ಬೆಳಕು ಬುಡದ ತನಕ ಬಿದ್ದಿತ್ತು. ಹುಳ ಎರಡೋ ಮೂರೋ. ಅಥವಾ ಕಾಣದಿದ್ದದ್ದು ನನಗೋ.

ಹೋದ ತಿಂಗಳು ಗೌರಿಯ ಮಗಳು ಸೃಷ್ಟಿ ತನ್ನ ತಾಯಿಯನ್ನೂ ನನ್ನನ್ನೂ ನೆಹರು ನಗರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ತನ್ನ ಜೊತೆ ಕೆಲಸ ಮಾಡುವ ಹುಡುಗನನ್ನು ಮದುವೆಯಾಗುತ್ತಾಳೆ ಅವಳು; ಮೊದಲು ಎಲ್ಲ ಗೊತ್ತಿರಬೇಕು ಎಂದು ಅವಳ ಹಟ. ಚಿಕ್ಕ ಪ್ರಾಯದ ಡಾಕ್ಟರಮ್ಮ ಪ್ಯಾಡಿನ ಮೇಲೆ ನಾಲ್ಕು ಚೌಕ ಬರೆದರು. ಸೃಷ್ಟಿಗೆ ಒಂದು ಸಣ್ಣಕ್ಷರ ಇದ್ದೇ ಇದೆ, ಅದು ಅವಳ ತಾಯಿಯದು. ಹುಡುಗನಲ್ಲಿ ಅದೇ ಅಕ್ಷರ ಇಲ್ಲದಿದ್ದರೆ ಮಕ್ಕಳ ಕಣ್ಣಿಗೆ ಏನೂ ಆಗುವುದಿಲ್ಲ ಎಂದರು. ಒಂದು ವೇಳೆ ಇದ್ದರೆ, ಎಂದು ಸೃಷ್ಟಿ ಕೇಳಿದಳು. ಡಾಕ್ಟರಮ್ಮ ಪೆನ್ನಿನ ತುದಿಯನ್ನು ಕೊನೆಯ ಚೌಕದ ಮೇಲಿಟ್ಟು, "ಪ್ರತಿ ಸಲ ಹೊಸ ಲೆಕ್ಕ ಅಂತ ತಿಳ್ಕೋಬೇಕು" ಎಂದರು. ಹುಡುಗನ ರಿಪೋರ್ಟ್ ಇನ್ನೂ ಬಂದಿಲ್ಲ.

ಗೌರಿಗೆ ಈಗ ಹಗಲೂ ಕಾಣುವುದಿಲ್ಲ. ಹೊರಗೆ ಬೆಂಚಿನ ಮೇಲೆ ನನ್ನ ಸೆರಗಿನ ತುದಿ ಹಿಡಿದು ಕೂತಿದ್ದಳು, ಹಗ್ಗ ಹಿಡಿದ ಹಾಗೆ.

"ಚಿಗವ್ವಾ, ಅವ್ವ ಯಾವಾಗೂ ಹೇಳತಿದ್ಲು. ಶಾಲಿಗೆ ಇದು ಕಾಲೇಜಿಗೆ ಹೋದ ಮ್ಯಾಲೆ ಗೊತ್ತಾತು, ಮೊದಲ ಗೊತ್ತಿದ್ರ ನನ್ನ ಮುಂದ ಹೇಳದ ಇರತಿದ್ದಿಲ್ಲ ಅಂತ."

ನಾನು ಅವಳ ಮುಷ್ಟಿಯೊಳಗಿನ ಸೆರಗನ್ನು ನೋಡಿದೆ.

"ಹೇಳಿದ್ರ ನಾ ಎಲ್ಲಿ ಹುಟ್ಟತಿದ್ದೆ ಬಿಡ್ರಿ" ಎಂದು ಗೌರಿ ನಕ್ಕಳು, ನಾನಿಲ್ಲದ ಕಡೆಗೆ ಮುಖ ಮಾಡಿ.

ಇದು ಅಚ್ಚಾಗಿ ಬಂದರೆ ಸೃಷ್ಟಿ ಗೌರಿಗೆ ಓದಿ ಹೇಳುತ್ತಾಳೆ. ನಾನು ಬರೆದದ್ದನ್ನೆಲ್ಲ ಓದಿ ಹೇಳುವ ರೂಢಿ ಅವಳಿಗಿದೆ, ಒಂದು ಸಾಲೂ ಬಿಡುವುದಿಲ್ಲ. ಅಕ್ಕನಿಗೆ ಹೇಳಬೇಕಾದ ಮಾತು ಇನ್ನು ಅವಳ ಮಗಳ ಕಿವಿಗೆ, ಮೊಮ್ಮಗಳ ಬಾಯಿಂದ ಬೀಳಬೇಕು. ಬೀಳಲಿ.

ಜೂನ್ ತಿಂಗಳದಾಗ ಗೊತ್ತಾತಕ್ಕ. ಸೆರಗ ಇನ್ನೂ ಮಗ್ಗದ ಮ್ಯಾಲಿತ್ತು.